ಕಂಬದ ಬುಡದ ಅಕ್ಕಿ

ಬಿಳಿ ಬಟ್ಟೆಯ ಟೆಂಟು ಎಲ್ಲಿ ಕಂಡರೂ ನಾನು ಮೊದಲು ಅದರ ಕಾಲುಗಳನ್ನು ನೋಡುತ್ತೇನೆ. ಮಗಳ ಸಾಕರ್ ಮೈದಾನದಲ್ಲಿ, ಕಾರು ಮಾರುವವರ ಅಂಗಳದಲ್ಲಿ, ಯಾರದೋ ಹಿತ್ತಿಲ ಹುಟ್ಟುಹಬ್ಬದಲ್ಲಿ. ನಾಲ್ಕು ಕಾಲಿಗೂ ಭಾರ ಕಟ್ಟಿದ್ದಾರೆಯೇ? ಮರಳಿನ ಚೀಲವೋ, ಸಿಮೆಂಟು ತುಂಬಿದ ಬಕೆಟ್ಟೋ? ಕಟ್ಟಿದ್ದರೂ ಒಳಗೆ ಹೋಗಿ ನಿಲ್ಲಲಾರೆ. ಮಳೆ ಬಂದರೆ ಮಿಕ್ಕ ತಾಯಂದಿರೆಲ್ಲ ಟೆಂಟಿನಡಿ ಸೇರುತ್ತಾರೆ, ನಾನು ಕಾರಿನಲ್ಲಿ ಕೂರುತ್ತೇನೆ. "ಅಮ್ಮ, ಯು ಆರ್ ಸೋ ವಿಯರ್ಡ್," ಎನ್ನುತ್ತಾಳೆ ಮಗಳು. ಗಾಳಿಗೆ ಬಟ್ಟೆ ಪಟಪಟ ಎಂದರೆ ಸಾಕು, ಆ ಶನಿವಾರದ ಬೆಳಿಗ್ಗೆ ನನ್ನೊಳಗೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ನಾವಿರುವುದು ಅಮೆರಿಕದ ಏಪೆಕ್ಸ್‌ನಲ್ಲಿ. ಹೊಸ ಬಡಾವಣೆಗಳ ಊರು. ಒಂದೇ ಅಚ್ಚಿನ ಮನೆಗಳು, ಪ್ರತಿ ಮನೆಯ ಮುಂದೆ ಎರಡು ಕಾರು, ಸಂಜೆ ಐದರ ನಂತರವೂ ಬೀದಿಯಲ್ಲಿ ಮನುಷ್ಯರು ಕಾಣುವುದು ಅಪರೂಪ. ಆದರೆ ಊರಿನ ನಡುವೆ ಒಂದು ಹಳೇ ಪೇಟೆ ಉಳಿದುಕೊಂಡಿದೆ. ರೈಲು ಹಳಿಯ ಪಕ್ಕಕ್ಕೆ ಕೆಂಪು ಇಟ್ಟಿಗೆಯ ಅಂಗಡಿ ಸಾಲು, ಹಳೇ ಪಾತ್ರೆ, ಗಡಿಯಾರ, ಕುರ್ಚಿ ಮಾರುವ ಎರಡು ಅಂಗಡಿ, ಐಸ್‌ಕ್ರೀಮಿನ ಅಂಗಡಿ, ಮಕ್ಕಳಿಗೆ ನಾಟಕ, ಚಿತ್ರ ಕಲಿಸುವ ಒಂದು ಕಟ್ಟಡ. ಶನಿವಾರ ಬೆಳಿಗ್ಗೆ ಅಲ್ಲಿ ಸಂತೆ ಸೇರುತ್ತದೆ. ಸುತ್ತಲಿನ ರೈತರು, ಜೇನು ಮಾರುವವರು, ಬ್ರೆಡ್ಡು ಮಾಡುವವರು, ಮರದ ಚಮಚ ಕೆತ್ತುವವರು ಬಂದು ಟೆಂಟು ಹಾಕುತ್ತಾರೆ. ಮೂಲೆಯಲ್ಲಿ ಯಾರಾದರೂ ಪಿಟೀಲು ನುಡಿಸುತ್ತಿರುತ್ತಾರೆ. ಜನ ಕೊಳ್ಳುವುದಕ್ಕಿಂತ ಹೆಚ್ಚಾಗಿ ಓಡಾಡುತ್ತಾರೆ, ನಾಯಿಗಳನ್ನು ಪರಸ್ಪರ ಪರಿಚಯ ಮಾಡಿಸುತ್ತಾರೆ. ಅಮ್ಮ ಬರುವ ತನಕ ನಾನು ಅಲ್ಲಿಗೆ ಹೋಗಿದ್ದು ಬಹಳ ಕಡಿಮೆ.

ಕೋವಿಡ್ ಕಾಲದಲ್ಲಿ ಮುಚ್ಚಿದ್ದ ದಾರಿಗಳೆಲ್ಲ ತೆರೆದ ಮೇಲೆ ಅಮ್ಮ ಬೇಸಿಗೆಗೆಂದು ಬಂದಳು. ಮೈಸೂರಿನಲ್ಲಿ ಬೆಳಿಗ್ಗೆ ಎದ್ದು ಮಾರುಕಟ್ಟೆಗೆ ಹೋಗಿ, ಹೂವಿನವಳ ಹತ್ತಿರ ಜಗಳವಾಡಿ, ಸೊಪ್ಪಿನವಳ ಸೊಸೆಯ ಕಥೆ ಕೇಳಿ ಬಂದರೇ ಅವಳಿಗೆ ದಿನ ಆರಂಭ. ಇಲ್ಲಿ ಬಂದ ಮೊದಲ ವಾರವೇ ಕಿಟಕಿಯ ಬಳಿ ನಿಂತು ಕೇಳಿದಳು:

"ಈ ಊರಲ್ಲಿ ಜನಾನ ಎಲ್ಲಿಟ್ಟಿರ್ತಾರೆ?"

"ಎಲ್ಲಾ ಒಳಗೇ ಇರ್ತಾರಮ್ಮ."

"ನಮ್ಮ ಥರ?"

"ನಮ್ಮ ಥರಾನೇ."

ಆ ವಾರದ ಕೊನೆಗೆ ಅವಳನ್ನು ಶನಿವಾರದ ಸಂತೆಗೆ ಕರೆದುಕೊಂಡು ಹೋದೆ. ಹತ್ತಿಸೀರೆ, ಅದರ ಕೆಳಗೆ ನನ್ನ ಹಳೇ ಸ್ಪೋರ್ಟ್ಸ್ ಶೂ, ಕೈಯಲ್ಲಿ ಮೈಸೂರಿನಿಂದಲೇ ತಂದ ಬಟ್ಟೆಚೀಲ. ಇಡೀ ಬೀದಿಯನ್ನು ಆ ತುದಿಯಿಂದ ಈ ತುದಿಗೆ ನಡೆದಳು. ಒಂದು ಬದನೆಕಾಯಿ ಕೈಗೆತ್ತಿಕೊಂಡು ತೊಟ್ಟು ನೋಡಿ ಇಟ್ಟಳು. ಅಂಗಡಿಯವನು ನಗುತ್ತ ನೋಡುತ್ತಿದ್ದ. "ನಿನ್ನೆಯದ್ದು," ಎಂದಳು ಅವನಿಗೆ, ಅಚ್ಚ ಕನ್ನಡದಲ್ಲಿ.

ಕೊನೆಯ ಟೆಂಟಿನಲ್ಲಿ ಒಬ್ಬ ಮುದುಕಿ ಹೂವು ಮಾರುತ್ತಿದ್ದಳು. ವಯಸ್ಸು ಅಮ್ಮನಷ್ಟೇ ಇರಬಹುದು. ಅಗಲ ಅಂಚಿನ ಹುಲ್ಲಿನ ಟೋಪಿ, ಮಣ್ಣು ಹತ್ತಿದ ಉಗುರು. ಬಕೆಟ್ಟುಗಳ ತುಂಬ ಸೂರ್ಯಕಾಂತಿ, ಝಿನ್ನಿಯಾ, ಕೋಳಿಜುಟ್ಟು, ಚೆಂಡುಹೂ. ಚೆಂಡುಹೂ ನೋಡಿದ್ದೇ ಅಮ್ಮನ ಮುಖ ಬದಲಾಯಿತು. ಒಂದು ಕಟ್ಟು ತೆಗೆದುಕೊಂಡಳು, ನಾನು ದುಡ್ಡು ಕೊಟ್ಟೆ. ಅಮ್ಮ ಮಾತ್ರ ಕದಲಲಿಲ್ಲ. ಚೀಲದ ಬಾಯಿ ತೆರೆದು ಹಿಡಿದು ಹಾಗೇ ನಿಂತಳು.

"ಬಾಮ್ಮ, ಆಯ್ತಲ್ಲ."

"ಕೊಸರು?"

"ಇಲ್ಲಿ ಹಾಗೆಲ್ಲ ಕೇಳಲ್ಲಮ್ಮ."

"ನೀನು ಸುಮ್ನಿರು. ಹೂ ಮಾರೋಳಿಗೆ ಗೊತ್ತಾಗತ್ತೆ."

ಮುದುಕಿ ಅಮ್ಮನ ಮುಖ ನೋಡಿದಳು, ತೆರೆದ ಚೀಲ ನೋಡಿದಳು. ಆಮೇಲೆ ಬಕೆಟ್ಟಿನಿಂದ ಒಂದು ಝಿನ್ನಿಯಾ ಕಡ್ಡಿ ಎಳೆದು ಚೀಲಕ್ಕೆ ಹಾಕಿದಳು. ಅಮ್ಮ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು.

ಅಲ್ಲಿಂದ ಅದು ರೂಢಿಯಾಯಿತು. ಪ್ರತಿ ಶನಿವಾರ ಒಂದು ಕಟ್ಟು ಹೂ, ಮೇಲೊಂದು ಕೊಸರು. ಮುಂದಿನ ವಾರಕ್ಕೆ ಅಮ್ಮ ಆ ಚೆಂಡುಹೂವನ್ನೇ ದಾರದಲ್ಲಿ ಕಟ್ಟಿ ಒಂದು ಮೊಳ ತಂದುಕೊಟ್ಟಳು. ಮುದುಕಿ ಅದನ್ನು ಟೋಪಿಯ ಸುತ್ತ ಸುತ್ತಿಕೊಂಡಳು. ಅವಳು ಇಂಗ್ಲಿಷಿನಲ್ಲಿ ಮೊಮ್ಮಕ್ಕಳ ವಿಷಯ ಹೇಳುತ್ತಿದ್ದಳು, ಅಮ್ಮ ಕನ್ನಡದಲ್ಲಿ ಮಂಡಿನೋವಿನ ವಿಷಯ. ನಾನು ನಡುವೆ ಅನುವಾದಕ್ಕೆ ಹೋದರೆ ಇಬ್ಬರೂ ನನ್ನನ್ನು ಗದರುವಂತೆ ನೋಡುತ್ತಿದ್ದರು. ವಾರದ ಉಳಿದ ಆರು ದಿನವೂ ಅಮ್ಮ ಕಾಯುತ್ತಿದ್ದದ್ದು ಆ ಒಂದು ಗಂಟೆಗೆ.

ಆಗಸ್ಟ್ ತಿಂಗಳಲ್ಲಿ ನಮ್ಮ ಕನ್ನಡ ಬಳಗಕ್ಕೆ ಸಂತೆಯಲ್ಲಿ ಒಂದು ಜಾಗ ಸಿಕ್ಕಿತು. ಊರಿನ ಬೇರೆಬೇರೆ ಜನ ತಮ್ಮ ತಿಂಡಿ, ಕಲೆ ತೋರಿಸಲಿ ಎಂದು ಸಂತೆಯವರೇ ಕರೆದಿದ್ದರು. ರಂಗೋಲಿ, ಮೆಹಂದಿ, ಕೋಸಂಬರಿ, ಮಜ್ಜಿಗೆ ಎಂದು ನಾವು ತೀರ್ಮಾನಿಸಿದೆವು. ಜಾಗ ಹೂವಿನ ಮುದುಕಿಯ ಪಕ್ಕದಲ್ಲೇ. ಅಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ ಹಿಂದಿನ ದಿನವೇ ರಂಗೋಲಿಯ ಚುಕ್ಕಿಗಳನ್ನು ಗ್ಯಾರೇಜಿನ ನೆಲದ ಮೇಲೆ ಇಟ್ಟು ನೋಡಿದಳು.

ಬಳಗದಲ್ಲಿ ಎಲ್ಲರೂ ಅಂಕಲ್ ಎಂದು ಕರೆಯುವ ಹಿರಿಯರೊಬ್ಬರಿದ್ದಾರೆ. ಈ ದೇಶಕ್ಕೆ ಬಂದು ದಶಕಗಳಾದವು. ಎಂಜಿನಿಯರ್ ಆಗಿ ನಿವೃತ್ತರು. ಟೆಂಟು ಅವರ ಗ್ಯಾರೇಜಿನದು. ಸಂತೆಯಲ್ಲಿ ನಿಯಮವೊಂದಿದೆ: ಟೆಂಟಿನ ಪ್ರತಿ ಕಾಲಿಗೂ ಭಾರ ಇಡಲೇಬೇಕು. ಮಿಕ್ಕವರು ಅದಕ್ಕೆಂದೇ ಸಿಗುವ ಮರಳಿನ ಚೀಲಗಳನ್ನು ತಂದಿದ್ದರು. ಅಂಕಲ್ ಕಾರಿನಿಂದ ನಾಲ್ಕು ಮೂಟೆ ಸೋನಾಮಸೂರಿ ಇಳಿಸಿದರು.

"ಗಣಪತಿ ಹಬ್ಬಕ್ಕೆ ಹೇಗೂ ಬೇಕಲ್ಲ," ಎಂದರು. "ಪ್ರಸಾದಕ್ಕೆ ಅಂತ ಈಗ್ಲೇ ತಂದ್ಬಿಟ್ಟೆ. ಬೆಳಿಗ್ಗೆ ಟೆಂಟಿಗೆ ಭಾರ, ಆಮೇಲೆ ದೇವರಿಗೆ ನೈವೇದ್ಯ. ಟೂ ಇನ್ ಒನ್."

ಎಲ್ಲರೂ ನಕ್ಕರು. ಯಾರೋ ಫೋಟೋ ತೆಗೆದು ಗುಂಪಿಗೆ ಕಳಿಸಿದರು. ನಿಜಕ್ಕೂ ಅದು ಕೆಲಸ ಮಾಡುತ್ತಿತ್ತು. ಒಂದೊಂದು ಕಾಲಿಗೆ ಒಂದೊಂದು ಮೂಟೆಯನ್ನು ಹಗ್ಗದಿಂದ ಬಿಗಿದಿದ್ದರು. ಟೆಂಟು ಅಲ್ಲಾಡಿಸಿದರೂ ಅಲ್ಲಾಡುತ್ತಿರಲಿಲ್ಲ.

ಅಮ್ಮ ರಂಗೋಲಿ ಮುಗಿಸಿ ಎದ್ದಾಗ ಅದನ್ನು ನೋಡಿದಳು. ಒಬ್ಬ ಹುಡುಗಿ ಮೆಹಂದಿ ಹಾಕಿಸಿಕೊಳ್ಳುತ್ತ ಮೂಟೆಯ ಮೇಲೆ ಶೂ ಊರಿ ನಿಂತಿದ್ದಳು. ಇನ್ನೊಂದು ಮೂಟೆಯನ್ನು ಯಾರದೋ ನಾಯಿ ಮೂಸುತ್ತಿತ್ತು.

"ಏನೇ ಇದು? ಅಕ್ಕೀನ ಕಂಬದ ಬುಡಕ್ಕೆ ಕಟ್ಟಿದ್ದೀರ?"

"ರೂಲ್ಸ್ ಅಮ್ಮ. ಭಾರ ಇಡ್ಲೇಬೇಕು."

"ಭಾರಕ್ಕೆ ಅಕ್ಕೀನೇ ಆಗ್ಬೇಕಿತ್ತಾ? ಈ ದೇಶದಲ್ಲಿ ಕಲ್ಲಿಗೂ ಬರಗಾಲನಾ?"

"ಕಲ್ಲಿಗೂ ಇಲ್ಲಿ ದುಡ್ಡು ಕೊಡ್ಬೇಕು ಅಮ್ಮಾವ್ರೇ," ಎಂದರು ಅಂಕಲ್.

"ನೈವೇದ್ಯದ ಅಕ್ಕಿ ಅಂತ ನೀವೇ ಅಂತೀರ. ಬೂಟು ತಗುಲ್ತಿದೆ, ನಾಯಿ ಮೂತಿ ಇಡ್ತಿದೆ. ಇದನ್ನ ನಾಳೆ ದೇವರ ಮುಂದೆ ಇಡ್ತೀರಾ?"

ಮಗಳು ಮಜ್ಜಿಗೆ ಲೋಟ ಹಿಡಿದು ನಿಂತಿದ್ದಳು. "ಅಜ್ಜಿ, ಇಟ್ಸ್ ಜಸ್ಟ್ ರೈಸ್," ಎಂದಳು.

ಆ ಮಾತೇ ಬಹುಶಃ ಎಲ್ಲರಿಗೂ ತಾಗಿದ್ದು. ಪ್ರತಿ ಭಾನುವಾರ ಕನ್ನಡ ಶಾಲೆ ನಡೆಸಿ ಮಕ್ಕಳಿಗೆ ಅನ್ನದ ಮೇಲೆ ಕಾಲಿಡಬಾರದು, ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳಬೇಕು ಎಂದು ಹೇಳಿಕೊಡುವವರು ನಾವೇ. ಬಳಗದ ಒಬ್ಬ ತರುಣ, "ಅಮ್ಮ ಹೇಳೋದು ಕರೆಕ್ಟು ರೀ," ಎಂದು ಬಗ್ಗಿ ಹಗ್ಗ ಬಿಚ್ಚಿದ. ಇನ್ನಿಬ್ಬರು ಕೈ ಹಾಕಿದರು. ಒಂದೊಂದೇ ಮೂಟೆ ಮೇಜಿನ ಮೇಲೆ ಬಂತು. ಎತ್ತಿದವರೆಲ್ಲ ಮೂಟೆ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡರು. ಅಮ್ಮ ಸೆರಗಿನಿಂದ ಮೂಟೆಗಳ ಧೂಳು ಒರೆಸಿದಳು, ಒಂದು ಚೆಂಡುಹೂವನ್ನು ಮೇಲಿಟ್ಟಳು. ಕಂಬದ ಬುಡದಲ್ಲಿದ್ದಾಗ ಅಂಗಡಿ ಸಾಮಾನಾಗಿದ್ದದ್ದು ಈಗ ಪೂಜೆಗಿಟ್ಟ ಹಾಗೆ ಕಂಡಿತು.

"ಹಾಗಾದ್ರೆ ಟೆಂಟಿಗೆ?" ಎಂದು ಯಾರೋ ಕೇಳಿದರು.

"ಒಂದು ಎಲೆ ಅಲ್ಲಾಡ್ತಿಲ್ಲ, ನೋಡ್ರಿ," ಎಂದರು ಅಂಕಲ್. "ಕಾರಲ್ಲಿ ನೀರಿನ ಕ್ಯಾನ್‌ಗಳಿವೆ, ಆಮೇಲೆ ತಂದಿಡೋಣ."

ಅಷ್ಟರಲ್ಲಿ ಜನ ಬಂದರು. ಕೋಸಂಬರಿಗೆ ಸಾಲು ನಿಂತರು. ಮೆಹಂದಿಗೆ ಮಕ್ಕಳು ಮುತ್ತಿದರು. ಮುದುಕಿ ತನ್ನ ಟೆಂಟಿನಿಂದ ಬಂದು ರಂಗೋಲಿಯನ್ನು ಬಗ್ಗಿ ನೋಡಿ, ತನ್ನ ಬಕೆಟ್ಟಿನಿಂದ ಒಂದು ಹಿಡಿ ಹೂವಿನ ಎಸಳು ತಂದು ಅಮ್ಮನ ಕೈಗೆ ಹಾಕಿದಳು. ಇಬ್ಬರೂ ಸೇರಿ ರಂಗೋಲಿಗೆ ಬಣ್ಣ ತುಂಬಿದರು. ನೀರಿನ ಕ್ಯಾನುಗಳು ಕಾರಿನಲ್ಲೇ ಉಳಿದವು.

ಮಜ್ಜಿಗೆಗೆ ಐಸು ಮುಗಿದಿತ್ತು. ತರಲು ನಾನು ಬೀದಿ ದಾಟಿ ಐಸ್‌ಕ್ರೀಮಿನ ಅಂಗಡಿಗೆ ಹೋದೆ. ಹೊರಗೆ ಬರುವಾಗ ಬೆಳಕು ಬೇರೆಯಾಗಿತ್ತು. ಹಳಿಯ ಆಚೆ ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು. ಪಿಟೀಲಿನವನು ಪೆಟ್ಟಿಗೆ ಮುಚ್ಚುತ್ತಿದ್ದ. ಈ ಕಡೆಯ ಬೇಸಿಗೆಯ ಮಳೆ ಹಾಗೆಯೇ, ಬರುವ ಮೊದಲು ಗಾಳಿಯನ್ನು ಕಳಿಸುತ್ತದೆ. ಮೊದಲು ಕಾಗದದ ಲೋಟಗಳು ಉರುಳಿದವು. ಆಮೇಲೆ ಕೈ ಒರೆಸುವ ಕಾಗದಗಳು ಹಕ್ಕಿಗಳ ಹಾಗೆ ಒಟ್ಟಿಗೆ ಎದ್ದವು. ಜನ ನಗುತ್ತಲೇ ಟೋಪಿ ಹಿಡಿದುಕೊಂಡರು.

ನಮ್ಮ ಟೆಂಟು ನೇರವಾಗಿ ಮೇಲೆದ್ದಿತು. ಯಾರೋ ಮೇಲಿನಿಂದ ಹಿಡಿದು ಎತ್ತಿದ ಹಾಗೆ, ಅವಸರವೇ ಇಲ್ಲದೆ. ನಾಲ್ಕು ಕಾಲುಗಳೂ ನೆಲ ಬಿಟ್ಟದ್ದನ್ನು ನಾನು ಕಣ್ಣಾರೆ ನೋಡಿದೆ. ಕೆಳಗೆ ಅಮ್ಮ ರಂಗೋಲಿಯ ಪಕ್ಕ ಕುಳಿತಿದ್ದಳು, ಮೇಲೆ ನೋಡುತ್ತಿದ್ದಳು. ಮಗಳು ಮೇಜಿನ ಪಕ್ಕ. ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಟೆಂಟು ಅವರಿಬ್ಬರ ತಲೆಯ ಮೇಲಿನಿಂದ ಹಾದು, ಗಾಳಿಯಲ್ಲೇ ಮಗುಚಿ, ಕಾಲು ಮೇಲಾಗಿ ತಿರುಗಿ ಪಕ್ಕಕ್ಕೆ ಬಿತ್ತು. ಮುದುಕಿ ತನ್ನ ಬಕೆಟ್ಟುಗಳನ್ನು ಕಾಪಾಡಲು ಬಗ್ಗಿದ್ದಳು. ಕಬ್ಬಿಣದ ಕಾಲು ಅವಳ ತಲೆಗೆ ಬಡಿಯಿತು. ದೊಡ್ಡ ಸದ್ದೇನಲ್ಲ. ಅಡುಗೆಮನೆಯಲ್ಲಿ ಪಾತ್ರೆಯೊಂದು ಕಟ್ಟೆಗೆ ತಾಗಿದಷ್ಟು ಸದ್ದು.

ಇಷ್ಟು ಆಗಲು ಎಷ್ಟು ಹೊತ್ತು ಹಿಡಿದಿರಬಹುದು? ಒಂದು ಉಸಿರು. ನನ್ನ ತಲೆಯಲ್ಲಿ ಅದು ಬಹಳ ಉದ್ದವಾಗಿದೆ. ಕೆಲವು ದಿನ ಕಾಲು ಮಗಳ ಕಡೆಗೆ ಬರುತ್ತದೆ. ಕೆಲವು ದಿನ ಅಮ್ಮನ ಕಡೆಗೆ. ಕೊನೆಯ ಕ್ಷಣದಲ್ಲಿ ಅದನ್ನು ಮುದುಕಿಯ ಕಡೆಗೆ ತಿರುಗಿಸುವುದು ನಾನೇ ಎಂಬಂತೆ, ಅದು ಅತ್ತ ಹೋದ ಮೇಲೆ ಒಂದು ನಿರಾಳ. ಆ ನಿರಾಳಕ್ಕೆ ನಾಚಿಕೆಯಾಗಿ ಮತ್ತೆ ಮೊದಲಿನಿಂದ ನೋಡುತ್ತೇನೆ.

ಐಸಿನ ಚೀಲ ಕೈಯಲ್ಲೇ ಹಿಡಿದು ಓಡಿದೆ. ನಾನು ತಲುಪುವಷ್ಟರಲ್ಲಿ ಅಮ್ಮ ಮುದುಕಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಯ ಒತ್ತಿ ಹಿಡಿದಿದ್ದಳು. ತಾನು ನರ್ಸ್, ಕದಲಿಸಬೇಡಿ, ಎನ್ನುತ್ತ ಒಬ್ಬ ಹೆಂಗಸು ಬಂದು ಅಮ್ಮನನ್ನು ಮೆಲ್ಲಗೆ ಸರಿಸಿದಳು. ಅಮ್ಮ ಚೆಲ್ಲಿದ ಹೂಗಳ ನಡುವೆ ಕುಳಿತಳು. ಮಳೆ ಬಂತು. ಆಂಬುಲೆನ್ಸ್ ಬಂತು. ಬೀದಿಯ ಎರಡೂ ಬದಿಯಲ್ಲಿ ಮಿಕ್ಕ ಟೆಂಟುಗಳೆಲ್ಲ ಒದ್ದೆಯಾಗಿ, ಬಟ್ಟೆ ಬಡಿದುಕೊಳ್ಳುತ್ತ, ನಿಂತ ಜಾಗದಲ್ಲೇ ನಿಂತಿದ್ದವು. ಹಾರಿದ್ದು ನಮ್ಮದೊಂದೇ. ನಮ್ಮ ಮೇಜೂ ಅಲ್ಲಾಡಿರಲಿಲ್ಲ. ಅದರ ಮೇಲೆ ನಾಲ್ಕು ಮೂಟೆ ಅಕ್ಕಿ ಇತ್ತು.

ಮನೆಗೆ ಬರುವಾಗ ಕಾರಿನಲ್ಲಿ ಅಮ್ಮನೇ ಕೇಳಿದಳು.

"ಅಕ್ಕಿ ಕೆಳಗೇ ಇದ್ದಿದ್ರೆ ಟೆಂಟು ಏಳ್ತಿರ್ಲಿಲ್ಲ. ಅಲ್ವಾ?"

ಡ್ರೈವ್ ಮಾಡುತ್ತಿದ್ದ ನನ್ನ ಗಂಡ ಕನ್ನಡಿಯಲ್ಲಿ ನನ್ನನ್ನು ನೋಡಿದ. "ಅದು ಗಾಳಿ ಅತ್ತೆ. ಆ ಥರ ಗಾಳಿಗೆ ಯಾವುದೂ ನಿಲ್ಲಲ್ಲ."

"ಬೇರೆಯವರದ್ದೆಲ್ಲ ನಿಂತಿತ್ತಲ್ಲಪ್ಪ," ಎಂದಳು ಅಮ್ಮ.

ಸೀರೆಯನ್ನು ತಣ್ಣೀರಿನಲ್ಲಿ ನೆನೆಹಾಕಿದಳು. ಕಲೆ ಪೂರ್ತಿ ಹೋಗಲಿಲ್ಲ. ಅದನ್ನು ಬಿಸಾಡೋಣ ಎಂದರೆ ಕೇಳಲಿಲ್ಲ, ಮಡಿಚಿ ಸೂಟ್‌ಕೇಸಿನ ತಳದಲ್ಲಿಟ್ಟಳು.

ಮುದುಕಿ ಬದುಕಿದಳು. ತಲೆಯೊಳಗೆ ರಕ್ತಸ್ರಾವವಾಗಿ ಆಪರೇಷನ್ ಆಯಿತೆಂದು, ಎಡಗೈ ಎತ್ತಲಾಗುತ್ತಿಲ್ಲವೆಂದು ಸಂತೆಯವರಿಂದ ಸುದ್ದಿ ಬರುತ್ತಿತ್ತು. ಆಸ್ಪತ್ರೆಯಿಂದ ಆರೈಕೆಯ ಮನೆಗೆ ಕಳಿಸಿದರು. ಮನೆಯವರನ್ನು ಬಿಟ್ಟು ಬೇರೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಅಮ್ಮ ದಿನಾ ಕೇಳುತ್ತಿದ್ದಳು. ಅವಳ ಟಿಕೆಟ್ ಅಕ್ಟೋಬರ್ ಕೊನೆಗಿತ್ತು. ಅಷ್ಟರೊಳಗೆ ಮುದುಕಿಯನ್ನು ನೋಡಬೇಕು, ಆಗಿದ್ದನ್ನು ಹೇಳಬೇಕು. ಅವಳಿಗೆ ಬೇಕಿದ್ದದ್ದು ಅದೊಂದೇ.

ಅಂಕಲ್ ಒಂದು ಸಂಜೆ ಮನೆಗೆ ಬಂದರು. ಬಹಳ ಬಾಡಿದ್ದರು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದರು: ಸಂತೆಯವರು ಬಂದು ಕೇಳಿದರು, ಭಾರ ಕಟ್ಟಿದ್ದೆವು, ಗಾಳಿಗೆ ಕಿತ್ತು ಬಂತು ಎಂದು ಹೇಳಿದ್ದೇನೆ, ಬೆಳಿಗ್ಗೆಯ ಫೋಟೋದಲ್ಲೂ ಮೂಟೆಗಳು ಕಂಬಕ್ಕೇ ಇವೆ.

"ಸುಳ್ಳು ಹೇಳಿದ್ರಾ?" ಎಂದಳು ಅಮ್ಮ.

"ಅಮ್ಮಾವ್ರೇ, ಇದು ಮೈಸೂರಲ್ಲ. ಇಲ್ಲಿ ಬಾಯಿ ಬಿಟ್ರೆ ಲಾಯರ್ ಬರ್ತಾನೆ. ನಿಮ್ಮ ಅಳಿಯಂದು ಗ್ರೀನ್ ಕಾರ್ಡ್ ಇನ್ನೂ ಆಗಿಲ್ಲ. ಬಳಗದಲ್ಲಿ ಅರ್ಧ ಜನ ಹಾಗೇ ಇದ್ದಾರೆ. ಒಬ್ಬರ ಹೆಸರು ಬಂದ್ರೆ ಎಲ್ಲರದ್ದೂ ಬರತ್ತೆ."

"ನಾನೇನು ಕೋರ್ಟಿಗೆ ಹೋಗಿ ಹೇಳ್ತೀನಿ ಅಂದ್ನಾ? ಅವಳಿಗೆ ಹೇಳ್ಬೇಕು."

"ಹೇಳಿದ್ರೆ ಅವರಿಗೇನು ಸಿಗತ್ತೆ, ಹೇಳಿ? ಕೈ ವಾಪಸ್ ಬರತ್ತಾ?"

ಅಮ್ಮ ಅವರ ಮುಖ ನೋಡಿದಳು. "ನಿಮಗೆ ನಿದ್ದೆ ಬರ್ತಿದ್ಯಾ?" ಎಂದು ಕೇಳಿದಳು.

ಅವರು ಲೋಟ ಕೆಳಗಿಟ್ಟರು. "ಇಲ್ಲ ಅಮ್ಮ," ಎಂದರು. ಹಾಗೆ ಅವರು 'ಅಮ್ಮಾವ್ರೇ' ಬಿಟ್ಟು 'ಅಮ್ಮ' ಎಂದದ್ದು ಅದೇ ಮೊದಲು.

ಆ ಮೇಲೆ ನಮ್ಮ ಮನೆಯಲ್ಲಿ ಜಗಳ ನಡೆದದ್ದು ನನ್ನ ಮತ್ತು ನನ್ನ ಗಂಡನ ನಡುವೆ. ಅವನು ಹೇಳುತ್ತಿದ್ದದ್ದೂ ತಪ್ಪಲ್ಲ. ಹನ್ನೆರಡು ವರ್ಷದಿಂದ ಈ ದೇಶದಲ್ಲಿ ಒಂದು ಸ್ಪೀಡಿಂಗ್ ಟಿಕೆಟ್ ಕೂಡ ಬರದ ಹಾಗೆ ಬದುಕಿದ್ದೇವೆ, ಪಕ್ಕದ ಮನೆಯವರಿಗೆ ಒಗ್ಗರಣೆ ವಾಸನೆ ಹೋಗಬಾರದೆಂದು ಕಿಟಕಿ ಮುಚ್ಚುತ್ತೇವೆ, ಈಗ ಹೋಗಿ ನಮ್ಮಿಂದಲೇ ಆಯಿತು ಎನ್ನಬೇಕೇ? ನಾನು ಹೇಳುತ್ತಿದ್ದದ್ದು ಒಂದೇ ಮಾತು: ಅಮ್ಮ ಊಟ ಮಾಡುತ್ತಿಲ್ಲ.

ಗಣಪತಿ ಹಬ್ಬ ಬಂತು. ಬಾಡಿಗೆಯ ಸಭಾಂಗಣದಲ್ಲಿ ಪೂಜೆ. ಪ್ರಸಾದಕ್ಕೆ ಪುಳಿಯೋಗರೆ ಮತ್ತು ಮೊಸರನ್ನ. ಯಾವ ಅಕ್ಕಿಯೆಂದು ಯಾರೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಸಾಲಿನಲ್ಲಿ ತಟ್ಟೆ ಹಿಡಿದ ಕೆಲವರು ಸ್ವಲ್ಪವೇ ಹಾಕಿಸಿಕೊಂಡು ಕಸದ ಬುಟ್ಟಿಯ ಕಡೆ ಹೋದರು. ಹಗ್ಗ ಬಿಚ್ಚಿದ ಆ ತರುಣ ಬಂದಿರಲೇ ಇಲ್ಲ. ಅಮ್ಮ ತಟ್ಟೆಯನ್ನು ಕಣ್ಣಿಗೊತ್ತಿಕೊಂಡು, ಮೂಲೆಯ ಕುರ್ಚಿಯಲ್ಲಿ ಕೂತು, ಕೊನೆಯ ಅಗುಳಿನವರೆಗೂ ತಿಂದಳು. ಎಷ್ಟೋ ದಿನದ ನಂತರ ಅವಳು ಹೊಟ್ಟೆ ತುಂಬ ತಿಂದದ್ದು ಅಂದೇ. ನಾನು ನೋಡುತ್ತಿರುವುದನ್ನು ಕಂಡು ಹೇಳಿದಳು:

"ಅಕ್ಕಿದೇನೇ ತಪ್ಪು? ಎಲ್ಲಿಟ್ರೆ ಅಲ್ಲಿರತ್ತೆ ಅದು."

ಸಂತೆಗೆ ನಾವು ಹೋಗುತ್ತಿರಲಿಲ್ಲ. ಶನಿವಾರಗಳು ಬರುತ್ತಿದ್ದವು. ಅಮ್ಮ ಬಟ್ಟೆಚೀಲವನ್ನು ಬಾಗಿಲ ಗೂಟಕ್ಕೆ ನೇತುಹಾಕಿ, ಅದರ ಎದುರೇ ಕೂತು ಸೊಪ್ಪು ಸೋಸುತ್ತಿದ್ದಳು. ಗಾಳಿಯ ಶಬ್ದ ಕೇಳಿದರೆ ತಲೆ ಎತ್ತುತ್ತಿದ್ದಳು. ನಾನೂ ಎತ್ತುತ್ತಿದ್ದೆ. ಒಬ್ಬರನ್ನೊಬ್ಬರು ನೋಡಿ ಮತ್ತೆ ತಲೆ ತಗ್ಗಿಸುತ್ತಿದ್ದೆವು.

ಅವಳು ಹೊರಡುವ ವಾರ ಸುದ್ದಿ ಬಂತು: ಹೂವಿನ ಟೆಂಟು ಮತ್ತೆ ಶುರುವಾಗಿದೆ, ಮುದುಕಿಯ ಮಗಳು ನಡೆಸುತ್ತಿದ್ದಾಳೆ, ಮುದುಕಿಯೂ ಬಂದು ಕೂರುತ್ತಾಳೆ. ಅಮ್ಮ ಬೆಳಿಗ್ಗೆಯೇ ಸ್ನಾನ ಮಾಡಿ, ಸೀರೆಯುಟ್ಟು, ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಳು.

"ನಾನು ಹೇಳದೆ ವಿಮಾನ ಹತ್ತಲ್ಲ," ಎಂದಳು. ನನಗಲ್ಲ, ನನ್ನ ಗಂಡನಿಗೆ.

ಅವನು ಒಳಗೆ ಹೋದ. ಆಮೇಲೆ ಕಾರಿನ ಕೀ ತಂದು ನನ್ನ ಕೈಗೆ ಕೊಟ್ಟ. "ಹುಷಾರಾಗಿ ಟ್ರಾನ್ಸ್‌ಲೇಟ್ ಮಾಡು," ಎಂದ.

ಚಳಿ ಶುರುವಾಗಿತ್ತು. ಸಂತೆ ಅರ್ಧಕ್ಕೆ ಇಳಿದಿತ್ತು, ಕುಂಬಳಕಾಯಿ ಮತ್ತು ಸೇಬು. ಪ್ರತಿ ಟೆಂಟಿನ ಪ್ರತಿ ಕಾಲಿಗೂ ಈಗ ದಪ್ಪ ಸಿಮೆಂಟಿನ ಬಕೆಟ್ಟು, ಮೇಲೆ ಹಳದಿ ಪಟ್ಟಿ. ಅಮ್ಮನೂ ಅವುಗಳನ್ನೇ ನೋಡುತ್ತ ನಡೆದಳು. ಕೊನೆಯ ಟೆಂಟಿನಲ್ಲಿ ಮುದುಕಿ ಮಡಿಸುವ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಹುಲ್ಲಿನ ಟೋಪಿಯ ಬದಲು ಉಣ್ಣೆಯದು. ಅದರ ಅಂಚಿನಲ್ಲಿ ಕೂದಲು ಈಗಷ್ಟೇ ಬೆಳೆಯುತ್ತಿತ್ತು. ಎಡಗೈ ಮಡಿಲಲ್ಲಿ ಬೇರೆ ಯಾರದೋ ಕೈಯ ಹಾಗೆ ಬಿದ್ದಿತ್ತು.

ಅಮ್ಮ ಅವಳ ಮುಂದೆ ಹೋಗಿ ಮಂಡಿಯೂರಿ ಕೂತಳು. ಮಂಡಿನೋವಿನವಳು, ನೆಲ ತಣ್ಣಗಿತ್ತು. ಮುದುಕಿ ನಕ್ಕಳು. ಎಲ್ಲ ಗಿರಾಕಿಗೂ ನಗುವ ನಗು.

"ಅವತ್ತು ಅಕ್ಕಿ ಮೂಟೆ ಕಂಬಕ್ಕೆ ಕಟ್ಟಿದ್ರು," ಎಂದಳು ಅಮ್ಮ. "ಕಾಲು ತಗುಲ್ತಿದೆ ಅಂತ ನಾನೇ ಬಿಚ್ಚಿಸಿ ಮೇಲಿಡಿಸಿದೆ. ಅದಕ್ಕೇ ಟೆಂಟು ಹಾರಿದ್ದು. ಗಾಳಿ ಅಂತ ಎಲ್ರೂ ಹೇಳ್ತಾರೆ. ಗಾಳಿ ಅಲ್ಲ. ನಾನು." ನನ್ನ ಕಡೆ ತಿರುಗಿದಳು. "ಹೇಳು. ಒಂದು ಮಾತೂ ಬಿಡಬೇಡ."

ಮುದುಕಿಯ ಮಗಳು ಹೂ ಸುತ್ತುತ್ತಿದ್ದವಳು ನಿಲ್ಲಿಸಿ ನೋಡುತ್ತಿದ್ದಳು. ಹೇಳಿದೆ. ಅಕ್ಕಿ ಎಂದೆ, ದೇವರಿಗೆಂದು ಇಟ್ಟದ್ದು ಎಂದೆ, ಕಾಲು ತಾಗಬಾರದು ಎಂದೆ, ಬಿಚ್ಚಿಸಿದ್ದು ನನ್ನ ತಾಯಿ ಎಂದೆ. ಇಂಗ್ಲಿಷಿನಲ್ಲಿ ಅದು ಎಷ್ಟು ಸಣ್ಣದಾಗಿ, ಎಷ್ಟು ವಿಚಿತ್ರವಾಗಿ ಕೇಳಿಸಿತೆಂದರೆ ಯಾವುದೋ ಬುಡಕಟ್ಟಿನ ಕಥೆ ಹೇಳುತ್ತಿದ್ದೇನೆ ಅನ್ನಿಸಿತು.

ಮುದುಕಿ ಪೂರ್ತಿ ಕೇಳಿದಳು. ಆಮೇಲೆ ಅಮ್ಮನನ್ನು, ನನ್ನನ್ನು, ತನ್ನ ಮಗಳನ್ನು ಒಂದು ಸುತ್ತು ನೋಡಿ, ನಿಧಾನವಾಗಿ, ಪದಗಳನ್ನು ಹುಡುಕಿ ಕೇಳಿದಳು: "ಯಾವ ದಿನದ ಮಾತು?"

ಮುದುಕಿಯ ಮಗಳು ನನ್ನನ್ನು ಪಕ್ಕಕ್ಕೆ ಕರೆದಳು. ಕೋಪವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ದಣಿದಿದ್ದಳು. ತನ್ನ ಅಮ್ಮನಿಗೆ ಆ ಬೇಸಿಗೆಯೇ ನೆನಪಿಲ್ಲ, ಎಂದಳು. ಹೇಳಿದರೆ ದಿನವಿಡೀ ಏನಾಯಿತು, ಏನಾಯಿತು ಎಂದು ಕೇಳುತ್ತಾಳೆ, ಹೇಳಿದಷ್ಟು ಸಲವೂ ಮೊದಲ ಸಲ ಕೇಳಿದ ಹಾಗೆ ಅಳುತ್ತಾಳೆ. ದಯವಿಟ್ಟು ಇನ್ನೊಮ್ಮೆ ಹೇಳಬೇಡಿ. ಅಕ್ಕಿಯ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಅವಳ ತಲೆಗೆ ಅದು ಹೊಕ್ಕಿತೋ, ಹೊಕ್ಕು ಎಲ್ಲಿ ಕೂತಿತೋ, ಇವತ್ತಿಗೂ ನನಗೆ ತಿಳಿಯದು. ಫೋನ್ ಬಂದಾಗಲೆಲ್ಲ, ಅಪರಿಚಿತ ನಂಬರು ಕಂಡಾಗಲೆಲ್ಲ ಅವಳೇ ಇರಬಹುದೇ ಅನ್ನಿಸುತ್ತದೆ.

"ಏನಂದ್ಳು?" ಎಂದಳು ಅಮ್ಮ.

"ಅವರಿಗೆ ಆ ದಿನ ನೆನಪಿಲ್ವಂತೆ ಅಮ್ಮ."

"ನಾನು?"

"ನೀನೂ."

ಅಮ್ಮ ತಲೆಯಾಡಿಸಿದಳು. ಮೇಜಿನ ಅಂಚು ಹಿಡಿದು ಕಷ್ಟಪಟ್ಟು ಎದ್ದಳು. ಉಳಿದಿದ್ದದ್ದು ತಡವಾಗಿ ಅರಳಿದ ಸ್ವಲ್ಪ ಸೇವಂತಿಗೆ. ಒಂದು ಕಟ್ಟು ತೋರಿಸಿದಳು. ಮಗಳು ಕಾಗದದಲ್ಲಿ ಸುತ್ತಿ ಕೊಟ್ಟಳು, ನಾನು ದುಡ್ಡು ಕೊಟ್ಟೆ. ಅಮ್ಮ ಹೂವನ್ನು ಚೀಲಕ್ಕೆ ಹಾಕಿ, ಚೀಲದ ಬಾಯಿ ತೆರೆದು ಹಿಡಿದು ನಿಂತಳು. ಮುದುಕಿಯ ಮುಖವನ್ನೇ ನೋಡುತ್ತ ನಿಂತಳು. ಮುದುಕಿ ಮತ್ತೆ ಅದೇ ನಗು ನಕ್ಕಳು. ಅವಳ ಬಲಗೈ ಕಂಬಳಿಯ ಮೇಲೆ ಸುಮ್ಮನೆ ಇತ್ತು, ಬಕೆಟ್ಟು ಅಲ್ಲೇ ಪಕ್ಕದಲ್ಲಿತ್ತು.

ಇನ್ನೇನಾದರೂ ಬೇಕಿತ್ತಾ, ಎಂದು ಮಗಳು ಕೇಳಿದಳು.

ಅಮ್ಮ ಚೀಲದ ಬಾಯಿ ಮುಚ್ಚಿದಳು.

ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಂಡಳು, ಹೂವಿನ ಚೀಲ ತೊಡೆಯ ಮೇಲೆ. ನಾನು ಕಾರು ತೆಗೆಯಲು ನೋಡಿದೆ, ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ರೈಲು ಬಹಳ ಉದ್ದವಿತ್ತು. ಡಬ್ಬಿಗಳು ಮುಗಿಯುವವರೆಗೂ ನಾವಿಬ್ಬರೂ ಅವನ್ನೇ ನೋಡಿದೆವು.

"ಹೇಳಿದ್ದೇನೋ ಹೇಳಿದೆ," ಎಂದಳು ಅಮ್ಮ. "ಯಾರಿಗೆ ಹೇಳಿದೆ ಅಂತಲೇ ಗೊತ್ತಾಗ್ಲಿಲ್ಲ."